25 ಪೌಂಡರ್ ಮಾಡೆಲ್ ಮಾಡೋ ಪ್ಲ್ಯಾನ್ ಇದ್ರೆ ಯಾವ ವರ್ಷನ್ ತಗೋಬೇಕು?

ಎರಡನೇ ಮಹಾಯುದ್ಧದ ಬ್ರಿಟಿಷ್ 25 ಪೌಂಡರ್ ಫೀಲ್ಡ್ ಗನ್ ಮಾಡೆಲ್ ಮಾಡ್ಬೇಕು ಅನ್ನೋರು ಮೊದಲು ಕೇಳೋದು ಯಾವ ಕಂಪನಿ ಕಿಟ್ ಚೆನ್ನಾಗಿದೆ ಅಂತ. ನನ್ನ ಕೇಳಿದ್ರೆ ಅದು ಕೊನೇಗೆ ಕೇಳ್ಬೇಕಾದ ಪ್ರಶ್ನೆ. ಮೊದಲು ಯಾವ ವರ್ಷ, ಯಾವ ರಣರಂಗ ಅಂತ ಫಿಕ್ಸ್ ಮಾಡ್ಕೊಳ್ಳಿ, ಗನ್ನು ತಾನಾಗೇ ಫಿಕ್ಸ್ ಆಗುತ್ತೆ. ಯಾಕಂದ್ರೆ ದೂರದಿಂದ ಎಲ್ಲಾ 25 ಪೌಂಡರೂ ಒಂದೇ ಥರ ಕಂಡ್ರೂ ಇದರ ಒಂದೊಂದು ರೂಪಾನೂ ಒಂದೊಂದು ಕೊರತೆಯಿಂದ ಹುಟ್ಟಿರೋದು, ಖಜಾನೇಲಿ ದುಡ್ಡಿಲ್ಲ ಅಂತ ಒಂದು, ಟ್ಯಾಂಕ್ ಹೊಡ್ಯೋಕೆ ಸರಿಯಾದ ಗನ್ನಿಲ್ಲ ಅಂತ ಇನ್ನೊಂದು, ಕಾಡಲ್ಲಿ ರಸ್ತೆ ಇಲ್ಲ ಅಂತ ಮತ್ತೊಂದು. ಅದು ಗೊತ್ತಿಲ್ದೆ 1941ರ ಮರಳುಗಾಡಿನ ಸೀನ್‌ಗೆ 1944ರ ಗನ್ ತಂದು ನಿಲ್ಲಿಸಿದ್ರೆ ಗೊತ್ತಿರೋರು ಒಂದೇ ನೋಟಕ್ಕೆ ಹಿಡೀತಾರೆ.

ಹುಟ್ಟಿದ ಕತೆ ಸ್ವಲ್ಪ ಹೇಳ್ಬಿಡ್ತೀನಿ, ಆಯ್ಕೆ ಮಾಡೋಕೆ ಬೇಕಾಗುತ್ತೆ. ಮೊದಲನೇ ಮಹಾಯುದ್ಧದಲ್ಲಿ ಬ್ರಿಟಿಷರ ಹತ್ರ ಎರಡು ಥರದ ಫೀಲ್ಡ್ ಫಿರಂಗಿ ಇತ್ತು, ನೇರವಾಗಿ ಹೊಡ್ಯೋಕೆ 18 ಪೌಂಡರ್, ಮೇಲಕ್ಕೆ ಎತ್ತಿ ಗುಡ್ಡದಾಚೆ ಇಳಿಸೋಕೆ 4.5 ಇಂಚ್ ಹೊವಿಟ್ಜರ್. ಯುದ್ಧ ಮುಗಿದ್ಮೇಲೆ ಇವೆರಡರ ಕೆಲಸಾನೂ ಒಂದೇ ಗನ್ ಮಾಡ್ಬೇಕು ಅಂತ ಯೋಚನೆ ಶುರುವಾಯ್ತು, ಆದ್ರೆ 1930ರ ದಶಕದಲ್ಲಿ ಖಜಾನೆಯವರು ಹೊಸಾ ಗನ್ನಿಗೆ ದುಡ್ಡು ಬಿಚ್ಚೋಕೆ ರೆಡಿ ಇರ್ಲಿಲ್ಲ, ಗೋಡೌನ್ ತುಂಬ 18 ಪೌಂಡರ್ ಬಿದ್ದಿದಾವಲ್ಲ ಅದನ್ನೇ ಏನಾದ್ರೂ ಮಾಡಿ ಅಂದ್ರು. ಸರಿ, ಹಳೇ 18 ಪೌಂಡರ್‌ನ ಹೊರಕವಚದೊಳಗೆ ಹೊಸ ಬ್ಯಾರೆಲ್ ತೂರಿಸಿದ್ರೆ ಎಷ್ಟು ದೊಡ್ಡ ಬಾಯಿ ಹಿಡ್ಸುತ್ತೆ ಅಂತ ಲೆಕ್ಕ ಹಾಕಿದ್ರು, 3.45 ಇಂಚ್ ಬಂತು, ಅಂದ್ರೆ 87.6 ಮಿಲಿಮೀಟರ್. ಈ ವಿಚಿತ್ರ ಅಳತೆ ಬಂದಿದ್ದೇ ಹಿಂಗೆ. ಜರ್ಮನ್ನರು, ಅಮೆರಿಕನ್ನರು 105 ಮಿಲಿಮೀಟರ್ ಇಟ್ಕೊಂಡಿದ್ರೆ ಇವರದ್ದು 25 ಪೌಂಡಿನ, ಅಂದ್ರೆ ಸುಮಾರು 11.3 ಕೆಜಿಯ ಚಿಕ್ಕ ಶೆಲ್. ಶೆಲ್ ಒಳಗಿನ ಮದ್ದೂ ಕಡಿಮೆ. ಆ ಕೊರತೇನ ಬ್ರಿಟಿಷರು ವೈರ್‌ಲೆಸ್ ಮತ್ತೆ ಲೆಕ್ಕಾಚಾರದಿಂದ ತುಂಬ್ಕೊಂಡ್ರು, ಒಬ್ಬ ಅಬ್ಸರ್ವರ್ ಒಂದು ಕರೆ ಕೊಟ್ರೆ ಒಂದು ರೆಜಿಮೆಂಟಿನ 24 ಗನ್ನಿನ ಗುಂಡೂ ಒಂದೇ ಜಾಗಕ್ಕೆ ಬೀಳ್ತಿತ್ತು, ಬೇಕಂದ್ರೆ ಡಿವಿಷನ್ನಿನ 72 ಗನ್ನಿಂದೂ.

ಮೊದಲನೇ ಆಯ್ಕೆ: ಫ್ರಾನ್ಸಲ್ಲಿ ಬಿಟ್ಟು ಬಂದ 18/25

ಹಳೇ 18 ಪೌಂಡರ್ ಕನ್ವರ್ಟ್ ಮಾಡಿದ್ದೇ ಮಾರ್ಕ್ 1, ಸೈನಿಕರ ಬಾಯಲ್ಲಿ 18/25. ಇದರಲ್ಲಿ ಕೆಲವು ಹಳೇ ಥರದ ಬಾಕ್ಸ್ ಟ್ರೇಲ್ (ಟ್ರೇಲ್ ಅಂದ್ರೆ ಗನ್ನಿನ ಹಿಂದಕ್ಕೆ ಚಾಚಿ ನೆಲಕ್ಕೆ ಊರೋ ಕಾಲು) ಮೇಲೆ ಕೂತಿದ್ವು, ಕೆಲವು ಎರಡು ಕಾಲು ಅಗಲಿಸಿ ನಿಲ್ಲೋ ಸ್ಪ್ಲಿಟ್ ಟ್ರೇಲ್ ಮೇಲೆ. ಗುಂಡು ಹೋಗ್ತಿದ್ದ ದೂರ ಸುಮಾರು 11,800 ಗಜ. ಇದನ್ನ ಮುಂದೆ ಬಂದ ಗನ್ನಿಂದ ಬೇರೆ ಮಾಡಿ ಗುರುತಿಸೋದು ಹಿಂದುಗಡೆಯಿಂದ, 18/25ರ ಬ್ರೀಚು, ಅಂದ್ರೆ ಶೆಲ್ ತುಂಬೋ ಹಿಂದಿನ ಬಾಯಿಯ ಮುಚ್ಚಳ, ತಿರುಗಿಸಿ ಪಕ್ಕಕ್ಕೆ ಬಾಗಿಲಿನ ಥರ ತೆಗ್ಯೋ ಸ್ಕ್ರೂ, ಮಾರ್ಕ್ 2ರಲ್ಲಿ ಒಂದು ಕಬ್ಬಿಣದ ಬ್ಲಾಕ್ ಸೀದಾ ಕೆಳಕ್ಕೆ ಇಳ್ಯುತ್ತೆ.

ಇದನ್ನ ತಗೊಂಡ್ರೆ ನಿಮ್ಮ ಸೀನು 1940ರ ಮೇ-ಜೂನ್ ಫ್ರಾನ್ಸು ಅಥವಾ ನಾರ್ವೆ. ಡಂಕರ್ಕ್‌ನಿಂದ ಸೈನಿಕರನ್ನೇನೋ ಹಡಗು ಹತ್ತಿಸಿ ಕರ್ಕೊಂಡು ಬಂದ್ರು, ಫಿರಂಗಿ ಅಲ್ಲೇ ಉಳೀತು, ಫ್ರಾನ್ಸಲ್ಲಿ ಕಳ್ಕೊಂಡ 18/25ಗಳೇ ಸುಮಾರು 700. ಬಿಟ್ಟು ಹೋದ ಗನ್ನು ರಸ್ತೆ ಪಕ್ಕ, ಬ್ರೀಚ್ ಬ್ಲಾಕ್ ಕಿತ್ತು ಹಾಕಿ ನಿಷ್ಕ್ರಿಯ ಮಾಡಿರೋದು, ಸುತ್ತ ಚೆಲ್ಲಾಡಿದ ಕೇಸು, ಇಂಥ ಡಯೋರಾಮಾ ಯಾರಿಗಾದ್ರೂ ಇಷ್ಟ ಆದ್ರೆ ಸರಿ. ಮೊದಲ ಸಲ ಮಾಡೋರಿಗೆ ನಾನು ಬೇಡ ಅಂತೀನಿ, ಕ್ಯಾರೇಜ್, ಅಂದ್ರೆ ಚಕ್ರ, ಟ್ರೇಲ್ ಇರೋ ಗಾಡೀಲೇ ಮೂರು ಬಗೆ ಇದೆ, ರೆಫರೆನ್ಸ್ ಫೋಟೋ ಹಿಡ್ಕೊಂಡು ತಲೆ ಕೆಡಿಸ್ಕೊಳ್ಳೋದೇ ಜಾಸ್ತಿ.

ಎರಡನೇದು, ನನ್ನ ಫೇವರಿಟ್: ಮೂತಿ ಬೋಳಾಗಿರೋ ಮಾರ್ಕ್ 2

ಕಡೆಗೂ ಹೊಸದಾಗೇ ತಯಾರಾದ ಗನ್ನು ಇದು, ನಳಿಗೆ ತುದೀಲಿ ಏನೂ ಸಿಕ್ಕಿಸಿಲ್ಲ, ಅದಕ್ಕೇ ಬೋಳು ಮೂತಿ ಅಂದಿದ್ದು. ಇದಕ್ಕೆ ಯಾವ ಕ್ಯಾರೇಜ್ ಅಂತ 1938ರಲ್ಲಿ ಲಾರ್ಕ್‌ಹಿಲ್‌ನ ಆರ್ಟಿಲರಿ ಸ್ಕೂಲಲ್ಲಿ ಟ್ರಯಲ್ ನಡೀತು. ಅಲ್ಲೂ ಇದೇ ಥರ ಹೋಲಿಕೆ ಅನ್ನಿ. ಒಂದು ಕಡೆ ಸ್ಪ್ಲಿಟ್ ಟ್ರೇಲ್, ಆಗಿನ ಕಾಲಕ್ಕೆ ಮಾಡರ್ನ್ ಅನ್ನಿಸ್ಕೊಂಡಿದ್ದು. ಇನ್ನೊಂದು ಕಡೆ ಹಳೇ ಫ್ಯಾಷನ್ನಿನ ಬಾಕ್ಸ್ ಟ್ರೇಲ್, ಆದ್ರೆ ಮಧ್ಯದಲ್ಲಿ ಗೂನು, ಕೆಳಗಡೆ ಒಂದು ದುಂಡನೆ ಪ್ಲಾಟ್‌ಫಾರ್ಮ್. ಗನ್ನರುಗಳು ಎರಡ್ನೂ ಎಳ್ದು, ಹೊಡೆದು, ತಿರುಗಿಸಿ ನೋಡಿ ಗೂನಿಂದನ್ನೇ ಬೇಕು ಅಂದ್ರು. ಕಾರಣ ಸಿಂಪಲ್. ಸ್ಪ್ಲಿಟ್ ಟ್ರೇಲಿನ ಗನ್ನು ಪಕ್ಕದ ದಿಕ್ಕಿಗೆ ತಿರುಗಿಸ್ಬೇಕು ಅಂದ್ರೆ ಎರಡೂ ಕಾಲು ನೆಲದಿಂದ ಕಿತ್ತು, ಜೋಡ್ಸಿ, ಎಳ್ದು, ಮತ್ತೆ ಊರ್ಬೇಕು. ಇದರಲ್ಲಿ ಚಕ್ರಗಳು ಪ್ಲಾಟ್‌ಫಾರ್ಮಿನ ಅಂಚಿನ ಮೇಲೇ ಓಡ್ತಾವೆ, ಹಿಂದೆ ಒಬ್ಬನೇ ಆಳು ಟ್ರೇಲ್ ಎತ್ಕೊಂಡು ಸುತ್ತ ನಡೆದ್ರೆ ಸುಮಾರು 1.8 ಟನ್ ಗನ್ನು 360 ಡಿಗ್ರಿ ತಿರುಗುತ್ತೆ. ಗೂನು ಯಾಕೆ ಅಂದ್ರೆ ಬ್ಯಾರೆಲ್ 40 ಡಿಗ್ರಿ ಎತ್ತಿದಾಗ ಬ್ರೀಚು ಹಿಂದಕ್ಕೆ ಚಿಮ್ಮಿ ಟ್ರೇಲಿಗೆ ಬಡೀಬಾರ್ದು ಅಂತ.

ಆ ಪ್ಲಾಟ್‌ಫಾರ್ಮನ್ನ ಮಾಡೆಲ್ಲಲ್ಲಿ ತಪ್ಪಿಸ್ಬೇಡಿ. ಗನ್ನು ಪ್ರಯಾಣದಲ್ಲಿದ್ರೆ ಅದು ಟ್ರೇಲಿನ ಹೊಟ್ಟೆ ಕೆಳಗೆ ಸಿಕ್ಕಿಸಿರುತ್ತೆ, ಹೊಡೀವಾಗ ಕೆಳಗಿಳಿಸಿ ಗನ್ನನ್ನ ಅದರ ಮೇಲಕ್ಕೆ ಎಳ್ಕೊಂಡಿರ್ತಾರೆ. ಎರಡೂ ಅಲ್ಲದ ಪೊಸಿಷನ್ನಲ್ಲಿ, ಅಂದ್ರೆ ಗನ್ನರುಗಳು ಫೈರ್ ಮಾಡ್ತಾ ಇದಾರೆ ಆದ್ರೆ ಪ್ಲಾಟ್‌ಫಾರ್ಮ್ ಇನ್ನೂ ಟ್ರೇಲಿಗೆ ಅಂಟ್ಕೊಂಡಿದೆ, ಅಂಥ ಮಾಡೆಲ್ ಎಷ್ಟೋ ನೋಡಿದೀನಿ. ಅರ್ಜೆಂಟಲ್ಲಿ ಹಂಗೂ ಹೊಡೀತಿದ್ರು ಅಂತ ವಾದ ಮಾಡ್ಬಹುದು, ಆದ್ರೆ ಈ ಗನ್ನಿನ ಜೀವಾಳಾನೇ ಬಿಟ್ಟಂಗಾಯ್ತಲ್ಲ.

ತಯಾರಿಕೆ ಕಡೆಯಿಂದ ಒಂದು ಮಾತು. ಮಾರ್ಕ್ 2 ಬ್ಯಾರೆಲ್ ಒಳಗಿನ ಕೊಳವೆ ಬೇರೆ, ಹೊರಗಿನ ಜಾಕೆಟ್ ಬೇರೆ, ಸವೆದ್ರೆ ಒಳಗಿಂದು ಬದಲಾಯಿಸ್ಬಹುದು. ಡಿಸೈನ್ ಒಪ್ಪಿಗೆ ಆದ್ರೂ ಫ್ಯಾಕ್ಟರಿಗಳಿಂದ ಹೊರಗೆ ಬರೋದು ತಡ ಆಯ್ತು, 1940ರ ಮೇ ಹೊತ್ತಿಗೆ ಕೆನಡಾದ ಪಡೆಗಳ ಕೈಗೆ ಮೊದಲ ಗನ್ನುಗಳು ಸಿಕ್ಕಾಗ ಫ್ರಾನ್ಸಲ್ಲಿ ಜರ್ಮನ್ನರು ನುಗ್ಗಿ ಆಗಿತ್ತು. ಆಮೇಲೆ ಬ್ರಿಟನ್ ಒಂದರಲ್ಲೇ 12,000ಕ್ಕೂ ಹೆಚ್ಚು ಮಾಡಿದ್ರು. ಕೆನಡಾದಲ್ಲಿ ಕ್ವಿಬೆಕ್‌ನ ಸೊರೆಲ್ ಇಂಡಸ್ಟ್ರೀಸ್, ಆಸ್ಟ್ರೇಲಿಯಾದಲ್ಲಿ ಜನರಲ್ ಮೋಟರ್ಸ್-ಹೋಲ್ಡನ್ ಮತ್ತೆ ಮೆಲ್ಬರ್ನಿನ ಚಾರ್ಲ್ಸ್ ರುವೋಲ್ಟ್ ಕಂಪನಿ, ಇವರೆಲ್ಲ ಸೇರಿ ಮಾಡಿದ್ದು ಬೇರೆ, ಆಸ್ಟ್ರೇಲಿಯಾದವರೇ 1,500ಕ್ಕೂ ಮೇಲೆ ಮಾಡಿದ್ರು. ಕಾರ್ ಮಾಡೋ ಕಂಪನಿ ಫಿರಂಗಿ ಮಾಡೋದು ಆ ಕಾಲಕ್ಕೆ ದೊಡ್ಡ ವಿಷಯ ಆಗಿರ್ಲಿಲ್ಲ.

ಇನ್ನು ಸೀನು. 1941-42ರ ಉತ್ತರ ಆಫ್ರಿಕಾ ಈ ಬೋಳು ಮೂತಿ ಗನ್ನಿಗೆ ಹೇಳಿ ಮಾಡಿಸಿದ ಜಾಗ. ಬ್ರಿಟಿಷರ 2 ಪೌಂಡರ್ ಆಂಟಿ ಟ್ಯಾಂಕ್ ಗನ್ನು ಜರ್ಮನ್ ಟ್ಯಾಂಕುಗಳ ಮುಂದೆ ಸಾಲ್ತಿರ್ಲಿಲ್ಲ, ಅದಕ್ಕೇ ಹಿಂದೆ ನಿಂತು ಕಿಲೋಮೀಟರ್‌ಗಟ್ಟಲೆ ದೂರಕ್ಕೆ ಹೊಡೀಬೇಕಾದ ಫೀಲ್ಡ್ ಗನ್ನುಗಳನ್ನ ಮುಂದಕ್ಕೆ ತಂದು ಟ್ಯಾಂಕ್ ಕಣ್ಣಿಗೆ ಬೀಳೋ ಜಾಗದಲ್ಲಿ ನಿಲ್ಲಿಸಿದ್ರು. 20 ಪೌಂಡಿನ ಗಟ್ಟಿ ಉಕ್ಕಿನ ಗುಂಡು, ಸೂಪರ್ ಚಾರ್ಜ್ (ಮಾಮೂಲಿಗಿಂತ ಜಾಸ್ತಿ ಮದ್ದು), ನೇರ ನೋಟ. ಪ್ಲಾಟ್‌ಫಾರ್ಮ್ ಇದ್ದಿದ್ರಿಂದ ಓಡ್ತಿರೋ ಟ್ಯಾಂಕಿನ ಹಿಂದೇನೇ ಗನ್ನು ತಿರುಗಿಸೋಕೆ ಆಗ್ತಿತ್ತು. 1942ರಲ್ಲಿ 6 ಪೌಂಡರ್ ಬರೋವರೆಗೂ ಈ ಪಾಡು.

ಇಲ್ಲಿ ನಮ್ಮವರ ಕತೆ ಇದೆ, ಅದಕ್ಕೇ ಇದು ನನ್ನ ಮೊದಲ ಆಯ್ಕೆ. 1942ರ ಮೇ 27ರ ಬೆಳಿಗ್ಗೆ ಬೀರ್ ಹಕೀಮ್ ಹತ್ರ 3ನೇ ಇಂಡಿಯನ್ ಮೋಟರ್ ಬ್ರಿಗೇಡ್ ಮೇಲೆ ರೊಮೆಲ್ ಕಡೆಯ ಇಟಾಲಿಯನ್ ಟ್ಯಾಂಕುಗಳು ನುಗ್ಗಿದಾಗ ಎದುರಿಗೆ ನಿಂತಿದ್ದು 2ನೇ ಇಂಡಿಯನ್ ಫೀಲ್ಡ್ ರೆಜಿಮೆಂಟಿನ 25 ಪೌಂಡರುಗಳು. ಬ್ರಿಗೇಡ್ ಉಳೀಲಿಲ್ಲ, ಆದ್ರೆ ಅಲ್ಲಿ ಬ್ಯಾಟರಿ ಕಮಾಂಡರ್ ಆಗಿದ್ದ ಪಿ.ಪಿ. ಕುಮಾರಮಂಗಲಂ ಅವರಿಗೆ ಡಿಎಸ್ಓ ಅನ್ನೋ ಬ್ರಿಟಿಷ್ ಸೇನಾ ಗೌರವ ಬಂತು, ಸೆರೆಯಾದ್ರು, ಮುಂದೆ 1966ರಲ್ಲಿ ಭಾರತದ ಸೇನಾ ಮುಖ್ಯಸ್ಥರೂ ಆದ್ರು. ಅಂಗಡೀಲಿ ಸಿಗೋ ಬ್ರಿಟಿಷ್ ಗನ್ನರ್ ಫಿಗರ್‌ಗಳನ್ನೇ ಹಾಕೋ ಬದಲು ಇಂಡಿಯನ್ ಬ್ಯಾಟರಿ ಮಾಡಿ ನೋಡಿ, ಪೇಟ ಕಟ್ಟಿರೋ ತಲೆಗಳು ಬೇರೆಯಾಗಿ ಸಿಗ್ತಾವೆ, ಬಾಕಿ ಎಲ್ಲ ಅದೇ ಶಾರ್ಟ್ಸು ಅದೇ ಬೂಟು.

ಸಿಬ್ಬಂದಿ ಆರು ಜನ. ನಂಬರ್ 1 ಅಂದ್ರೆ ಕಮಾಂಡರ್, ಸಾರ್ಜೆಂಟು, ನಮ್ಮ ಇಂಡಿಯನ್ ರೆಜಿಮೆಂಟಲ್ಲಾದ್ರೆ ಹವಾಲ್ದಾರ್. ನಂಬರ್ 2 ಬಲಗಡೆ, ಬ್ರೀಚ್ ತೆಗ್ಯೋದು ಮತ್ತೆ ಶೆಲ್ ಒಳಕ್ಕೆ ಜಡಿಯೋದು. ನಂಬರ್ 3 ಎಡಗಡೆ ಸೀಟಲ್ಲಿ ಕೂತು ಗುರಿ ಹಿಡಿಯೋನು. ಉಳಿದ ಮೂವರು ಮದ್ದುಗುಂಡು ಕೆಲಸ. ಈ ಗನ್ನಲ್ಲಿ ಶೆಲ್ ಬೇರೆ, ಹಿತ್ತಾಳೆ ಕೇಸು ಬೇರೆ, ಮೊದಲು ಶೆಲ್ ಹಾಕಿ ಕೋಲಿಂದ ಗುದ್ದಿ ಅದು ಒಳಗೆ ಕಚ್ಚಿಕೊಂಡ ಮೇಲೇನೇ ಕೇಸು. ಕೇಸೊಳಗೆ ಕೆಂಪು, ಬಿಳಿ, ನೀಲಿ ಮೂರು ಮದ್ದಿನ ಚೀಲ ಇರ್ತಿತ್ತು. ಹತ್ತಿರದ ಗುರಿಗೆ ಕೆಂಪು ಒಂದು ಸಾಕು, ಸ್ವಲ್ಪ ದೂರಕ್ಕೆ ಬಿಳೀನೂ, ಇನ್ನೂ ದೂರಕ್ಕೆ ಮೂರೂ. ಬೇಡದ ಚೀಲ ಕಿತ್ತು ಪಕ್ಕಕ್ಕೆ ಇಡ್ತಿದ್ರು. ಸೂಪರ್ ಚಾರ್ಜಿಗೆ ಬೇರೇನೇ ಕೇಸು, ಅದರಲ್ಲಿ 13,400 ಗಜ, ಅಂದ್ರೆ 12 ಕಿ.ಮೀ. ಮೇಲೆ. ಡಯೋರಾಮಾದಲ್ಲಿ ಗನ್ನಿನ ಪಕ್ಕ ಒಂದು ಪುಟ್ಟ ರಾಶಿ ನೀಲಿ, ಬಿಳಿ ಚೀಲ ಹಾಕಿ, ಇವರು ಚಾರ್ಜ್ ಒಂದರಲ್ಲಿ ಹೊಡೀತಿದಾರೆ ಅಂತ ತಿಳಿದೋರಿಗೆ ಅರ್ಥ ಆಗುತ್ತೆ. ಆದ್ರೆ ಟ್ಯಾಂಕ್ ಹೊಡ್ಯೋ ಸೀನಲ್ಲಿ ಈ ಚೀಲ ಹಾಕ್ಬೇಡಿ, ಅಲ್ಲಿ ಬಳಸ್ತಿದ್ದಿದ್ದು ಸೂಪರ್.

ಮೂರನೇದು: ಮೂತಿಗೆ ಮಜಲ್ ಬ್ರೇಕ್ ಬಂದಿದ್ದು

ಟ್ಯಾಂಕ್ ಹೊಡ್ಯೋಕೆ ಸೂಪರ್ ಚಾರ್ಜೂ ಸಾಲ್ದೇ ಅದರ ಮೇಲೆ ಇನ್ನೊಂಚೂರು ಮದ್ದು ಸೇರಿಸಿದ್ರು. ಆಗ ಏನಾಯ್ತು ಅಂದ್ರೆ ನಳಿಗೆ ನೆಲಕ್ಕೆ ಸಮವಾಗಿದ್ದಾಗ ಹೊಡೆದ್ರೆ ಗನ್ನು ಕುದುರೆ ಥರ ಮುಂಗಾಲು ಎತ್ತೋದು. ಅದನ್ನ ಹಿಡಿಯೋಕೆ ನಳಿಗೆ ತುದಿಗೆ ಎರಡು ತಟ್ಟೆಯ ಮಜಲ್ ಬ್ರೇಕ್ ಹಾಕಿದ್ರು, ಮುಂದೆ ತೂಕ ಜಾಸ್ತಿ ಆಯ್ತಲ್ಲ, ಸರಿತೂಗಿಸೋಕೆ ಬ್ರೀಚಿನ ಮೇಲೆ ಒಂದು ಭಾರ. ಹೊಸ ಗನ್ನಿಗೂ ಹಾಕಿದ್ರು, ಹಳೇದಕ್ಕೂ ಹಾಕಿದ್ರು. ತಮಾಷೆ ಏನಂದ್ರೆ ಇದು ಎಲ್ಲ ಕಡೆ ತಲುಪೋ ಹೊತ್ತಿಗೆ 6 ಪೌಂಡರ್, 17 ಪೌಂಡರ್ ಬಂದು 25 ಪೌಂಡರಿಗೆ ಟ್ಯಾಂಕ್ ಹೊಡ್ಯೋ ಕೆಲಸ ಹೆಚ್ಚೂಕಮ್ಮಿ ತಪ್ಪಿತ್ತು.

ಹಾಗಾಗಿ ನೆನಪಿಡಿ, 1942ರ ಅಕ್ಟೋಬರ್ 23ರ ರಾತ್ರಿ ಎಲ್ ಅಲಮೇನಲ್ಲಿ 880ಕ್ಕೂ ಹೆಚ್ಚು ಫಿರಂಗಿ ಒಟ್ಟಿಗೆ ಶುರು ಮಾಡಿದ್ವಲ್ಲ, ಅದರಲ್ಲಿ ಬಹುಪಾಲು 25 ಪೌಂಡರೇ, ಆದ್ರೆ ಫೋಟೋಗಳಲ್ಲಿ ಕಾಣೋದು ಬೋಳು ಮೂತಿಯವು. ಬ್ರೇಕ್ ಇರೋ ಗನ್ ತಗೊಂಡ್ರೆ ಇಟಲಿ, ನಾರ್ಮಂಡಿ, ಜರ್ಮನಿ, ಬರ್ಮಾ, ಆಮೇಲಿನ ಕೊರಿಯಾ. ಕೊರಿಯಾದಲ್ಲಿ 1951ರ ಏಪ್ರಿಲ್‌ನಲ್ಲಿ ಕಪ್ಯೋಂಗ್ ಕಣಿವೇಲಿ ನ್ಯೂಜಿಲ್ಯಾಂಡಿನ 16ನೇ ಫೀಲ್ಡ್ ರೆಜಿಮೆಂಟ್ ಹೊಡೆದಿದ್ದೂ ಇದೇ ಗನ್ನಿಂದ. ಇನ್ನೂ ಈಚಿಂದು ಬೇಕಂದ್ರೆ ಒಮಾನಿನ ಮೀರ್ಬಾತ್, 1972ರ ಜುಲೈ 19, ಫಿಜಿ ಮೂಲದ ಸಾರ್ಜೆಂಟ್ ತಲೈಯಾಸಿ ಲಬಲಬ ಆರು ಜನರ ಗನ್ನನ್ನ ಒಬ್ಬನೇ ಹೊಡೀತಾ ನಿಂತು ಅಲ್ಲೇ ಪ್ರಾಣ ಬಿಟ್ಟ ಜಾಗ.

ಅನುಕೂಲ ನೋಡಿದ್ರೆ ಇದೇ ಸುಲಭದ ಆಯ್ಕೆ, ಕಾಲಾವಧಿ ದೊಡ್ಡದು, ಬಣ್ಣ ಸಿಂಪಲ್, ಯುರೋಪ್ ಆದ್ರೆ 1944ರಿಂದ ಆಲಿವ್ ಡ್ರ್ಯಾಬ್ ಒಂದೇ. ಬೋರ್ ಹೊಡ್ಸುತ್ತೆ ಅನ್ನೋದು ಒಂದೇ ಕಂಪ್ಲೇಂಟು.

ಭಾರತೀಯ ಸೇನೆಯ ಗನ್ ಮಾಡ್ಬೇಕು ಅನ್ನೋರಿಗೂ ಒಂದು ದಾರಿ ಇದೆ. ಸ್ವಾತಂತ್ರ್ಯದ ನಂತರ ಇದು ನಮ್ಮ ಫೀಲ್ಡ್ ರೆಜಿಮೆಂಟುಗಳ ಮುಖ್ಯ ಗನ್ನಾಗಿತ್ತು, 1965ರಲ್ಲಿ ಗಡಿಯ ಎರಡೂ ಕಡೆ 25 ಪೌಂಡರೇ, ಪಾಕಿಸ್ತಾನಕ್ಕೂ ಅದೇ ಆಸ್ತಿ ಹಂಚಿಕೆಯಲ್ಲಿ ಹೋಗಿತ್ತಲ್ಲ. ದೆಹಲಿಯ ಗಣರಾಜ್ಯೋತ್ಸವದ 21 ಕುಶಾಲತೋಪು ಕೂಡ ಇದರಿಂದಲೇ ಹಾರ್ತಿತ್ತು, 2023ರ ಜನವರಿ 26ಕ್ಕೆ ಅದರ ಜಾಗಕ್ಕೆ ನಮ್ಮದೇ 105 ಮಿಲಿಮೀಟರ್ ಇಂಡಿಯನ್ ಫೀಲ್ಡ್ ಗನ್ ಬಂತು. ಪರೇಡ್ ಗನ್ ಮಾಡೋದಾದ್ರೆ ಕೆಸರು, ತುಕ್ಕು ಏನೂ ಹಾಕ್ಬೇಡಿ, ಫಳಫಳ ಅನ್ನೋ ಪೇಂಟು. ವೆದರಿಂಗ್ ಮಾಡೋಕೆ ಬರಲ್ಲ ಅನ್ನೋರಿಗೆ ಇದಕ್ಕಿಂತ ಒಳ್ಳೇ ಸಬ್ಜೆಕ್ಟ್ ಇಲ್ಲ.

ಕಾಡಿನ ಗನ್ನುಗಳು: ಬರ್ಮಾದ ಮರಿ ಗನ್ನಾ, ಆಸ್ಟ್ರೇಲಿಯಾದ ಶಾರ್ಟಾ?

ಇವೆರಡನ್ನ ಜನ ಕನ್ಫ್ಯೂಸ್ ಮಾಡ್ಕೊಳ್ತಾರೆ, ಎರಡಕ್ಕೂ ಶೀಲ್ಡ್, ಅಂದ್ರೆ ಮುಂದಿನ ರಕ್ಷಣೆಯ ತಗಡು, ಇಲ್ಲ, ಎರಡೂ ಕಿರಿದು. ಆದ್ರೆ ಹುಟ್ಟು ಬೇರೆ ಬೇರೆ.

ಬರ್ಮಾದಲ್ಲಿ 129ನೇ ಜಂಗಲ್ ಫೀಲ್ಡ್ ರೆಜಿಮೆಂಟಿನವರು ಫ್ಯಾಕ್ಟರಿ ದಾರಿ ಕಾಯ್ದೇ ತಾವೇ ಮಾಡ್ಕೊಂಡಿದ್ದು ಜೂರಿ ಆಕ್ಸಲ್ ಗನ್ನು, ಮೂಲ ಆಕ್ಸಲ್ ಕಿತ್ತು ಜೀಪಿನ ಆಕ್ಸಲ್ ಹಾಕಿದ್ರು, ಶೀಲ್ಡ್ ತೆಗೆದ್ರು, ಬ್ಯಾರೆಲ್ ಮುಟ್ಲಿಲ್ಲ. 1943ರ ಅಕ್ಟೋಬರಲ್ಲಿ ಹೊಡೆದು ನೋಡಿದ್ರು, ಕೆಲಸ ಮಾಡ್ತು. ಉದ್ದ ನಳಿಗೆ, ಪುಟಾಣಿ ಚಕ್ರ, ನೋಡೋಕೆ ವಿಚಿತ್ರವಾಗಿರುತ್ತೆ. ಇದನ್ನ ಮಾಡೋಕೆ ಒಂದು 25 ಪೌಂಡರ್ ಕಿಟ್ಟೂ ಒಂದು ಜೀಪ್ ಕಿಟ್ಟೂ ಕಡೀಬೇಕು, ಕೈ ಪಳಗಿದೋರಿಗೆ ಮಾತ್ರ.

ಶಾರ್ಟ್ ಮಾರ್ಕ್ 1 ಅಂದ್ರೆ ಸರಿಯಾಗಿ ಡಿಸೈನ್ ಆಗಿ ರುವೋಲ್ಟ್ ಫ್ಯಾಕ್ಟರೀಲಿ ತಯಾರಾದ ಗನ್ನು. 1942ರಲ್ಲಿ ನ್ಯೂಗಿನಿಯ ಬೆಟ್ಟದ ದಾರಿಗಳಲ್ಲಿ ಮಾಮೂಲಿ 25 ಪೌಂಡರ್ ಎಳೆಯೋದು ಎಂಥ ಹಿಂಸೆ ಅಂತ ಗೊತ್ತಾದ್ಮೇಲೆ ಬ್ಯಾರೆಲ್ಲನ್ನೇ ಕತ್ತರಿಸಿ, ತುದಿಗೆ ಜ್ವಾಲೆ ಮರೆಮಾಡೋ ಶಂಕುವಿನಾಕಾರದ ಮೂತಿ ಇಟ್ಟು, ಟ್ರೇಲ್ ಬಾಲದಲ್ಲಿ ಒಂದು ಪುಟ್ಟ ಚಕ್ರ ಹಾಕಿದ್ರು. ಬಿಚ್ಚಿದ್ರೆ ಹೊರೆಹೊರೆಯಾಗಿ ಸಾಗಿಸ್ಬಹುದು, ಜೀಪೇ ಎಳೆಯುತ್ತೆ, ವಿಮಾನದಲ್ಲೂ ಹೋಗುತ್ತೆ. ಮಾಡಿದ್ದು ಇನ್ನೂರಕ್ಕೆ ಸ್ವಲ್ಪ ಹೆಚ್ಚು. ಹಗುರ ಆಗಿದ್ರಿಂದ ಹೊಡೆದಾಗ ಕುಣಿದಾಡೋದು, ಗನ್ನರುಗಳಿಗೆ ಅಷ್ಟೇನೂ ಪ್ರೀತಿ ಇರ್ಲಿಲ್ಲ. ಆದ್ರೆ ಸೀನ್ ಅಂದ್ರೆ ಸೀನು! 1943ರ ಸೆಪ್ಟೆಂಬರ್ 5, ನಾಡ್ಜಾಬ್, ಆಸ್ಟ್ರೇಲಿಯಾದ 2/4ನೇ ಫೀಲ್ಡ್ ರೆಜಿಮೆಂಟಿನ ಗನ್ನರುಗಳು ಹೆಚ್ಚು ಟ್ರೇನಿಂಗೂ ಇಲ್ದೆ ಎರಡು ಶಾರ್ಟ್ ಗನ್ ಸಮೇತ ಪ್ಯಾರಾಚೂಟ್ ಕಟ್ಕೊಂಡು ಹಾರಿದ್ರು. ಒಂದು ಗನ್ ಬೇಗ ಜೋಡ್ಸಿದ್ರು, ಇನ್ನೊಂದರ ಕೆಲವು ಪಾರ್ಟ್‌ಗಳು ಆಳೆತ್ತರದ ಹುಲ್ಲಲ್ಲಿ ಕಳೆದ್ಹೋಗಿ ಹುಡುಕೋಕೆ ದಿನಗಟ್ಟಲೆ ಹಿಡೀತು. ಅರ್ಧ ಜೋಡಿಸಿದ ಗನ್ನು, ಪ್ಯಾರಾಚೂಟ್ ಬಟ್ಟೆ, ಹುಲ್ಲು ತಡಕ್ತಿರೋ ಇಬ್ಬರು, ಇದನ್ನ ಯಾರಾದ್ರೂ ಮಾಡ್ರಪ್ಪ. ಎರಡರಲ್ಲಿ ಒಂದು ಆರಿಸಿ ಅಂದ್ರೆ ನನ್ನ ಓಟು ಶಾರ್ಟ್‌ಗೇ.

ಟ್ಯಾಂಕಿನ ಮೇಲೆ ಕೂತವು: ಬಿಷಪ್ ಮತ್ತೆ ಸೆಕ್ಸ್ಟನ್

ಬಿಷಪ್ ಅಂದ್ರೆ ವ್ಯಾಲಂಟೈನ್ ಟ್ಯಾಂಕಿನ ಮೇಲೆ ಅರ್ಜೆಂಟಲ್ಲಿ ಒಂದು ಉಕ್ಕಿನ ಪೆಟ್ಟಿಗೆ ಇಟ್ಟು ಅದರೊಳಗೆ 25 ಪೌಂಡರ್ ತುರುಕಿದ್ದು, ಮಾಡಿದ್ದು ಬರ್ಮಿಂಗ್‌ಹ್ಯಾಮಿನ ಒಂದು ರೈಲ್ವೆ ಬೋಗಿ ಕಂಪನಿ, ಒಟ್ಟು 149. ಪೆಟ್ಟಿಗೆ ಎಷ್ಟು ಇಕ್ಕಟ್ಟು ಅಂದ್ರೆ ನಳಿಗೆ 15 ಡಿಗ್ರಿಗಿಂತ ಮೇಲೆ ಏಳ್ತಿರ್ಲಿಲ್ಲ, 13,400 ಗಜ ಹೊಡೀಬೇಕಾದ ಗನ್ನು 6,400 ಗಜಕ್ಕೆ ನಿಂತೋಯ್ತು. ಸಿಬ್ಬಂದಿ ಮಣ್ಣಿನ ಇಳಿಜಾರು ದಿಣ್ಣೆ ಮಾಡಿ ಅದರ ಮೇಲೆ ಗಾಡಿ ಹತ್ತಿಸಿ ಮೂತಿ ಎತ್ತಿಸ್ತಿದ್ರು. ಯುದ್ಧಕ್ಕೆ ಕೆಟ್ಟ ಗಾಡಿ, ಮಾಡೆಲ್ಲಿಗೆ ಸೂಪರ್, ಆ ದಿಣ್ಣೆ ಸಮೇತ ಮಾಡಿದ್ರೆ ಕ್ಯಾಪ್ಷನ್ನೇ ಬೇಡ. ಬ್ರಾಂಕೋದವರ 1/35 ಕಿಟ್ (ನಿಜದ ಗಾಡಿಯ 35ನೇ ಒಂದು ಅಳತೆ) ಇದೆ.

ಸೆಕ್ಸ್ಟನ್ ಇದರ ಪೂರ್ತಿ ಉಲ್ಟಾ. ಅಮೆರಿಕನ್ನರ ಪ್ರೀಸ್ಟ್ ಗಾಡಿ ಚೆನ್ನಾಗೇ ಇತ್ತು, ಆದ್ರೆ ಅದಕ್ಕೆ 105 ಮಿಲಿಮೀಟರ್ ಶೆಲ್ ಬೇಕು, ಬ್ರಿಟಿಷ್ ಸಪ್ಲೈ ಲೈನಲ್ಲಿ ಅದೊಂದು ಎಕ್ಸ್‌ಟ್ರಾ ತಲೆನೋವು. ಕೆನಡಾದವರು ತಮ್ಮ ರ‍್ಯಾಮ್ ಟ್ಯಾಂಕಿನ ತಳದ ಮೇಲೆ 25 ಪೌಂಡರ್ ಕೂರಿಸಿದ್ರು, ಮಾಂಟ್ರಿಯಲ್ ಲೋಕೋಮೋಟಿವ್ ವರ್ಕ್ಸಲ್ಲಿ 1943ರಿಂದ 1945ರೊಳಗೆ 2,150 ತಯಾರಾಯ್ತು. ನಳಿಗೆ ಪೂರ್ತಿ 40 ಡಿಗ್ರಿ ಏಳುತ್ತೆ. ನಾರ್ಮಂಡಿ ತೀರಕ್ಕೆ ಇಳಿದ ದಿನ ಅಲ್ಲಿನ ಗೋಲ್ಡ್ ಬೀಚ್ ಕಡೆಗೆ ಹೋಗ್ತಿರುವಾಗ ಲ್ಯಾಂಡಿಂಗ್ ಕ್ರಾಫ್ಟ್ ಮೇಲಿಂದಲೇ ಹೊಡ್ಯೋಕೆ ಶುರು ಮಾಡಿದ್ವು. ಯುದ್ಧದ ನಂತರ ಭಾರತೀಯ ಸೇನೇಲೂ ಇತ್ತು. ಡ್ರ್ಯಾಗನ್‌ನ ಸೆಕ್ಸ್ಟನ್ 2 ಕಿಟ್ ಸಿಗುತ್ತೆ. ಮೇಲ್ಗಡೆ ತೆರೆದಿರೋದ್ರಿಂದ ಒಳಗಿನ ರ‍್ಯಾಕು, ರೇಡಿಯೋ, ಮ್ಯಾಟು ಎಲ್ಲ ಕಾಣ್ಸುತ್ತೆ, ಒಳಗೆ ಪೇಂಟ್ ಮಾಡೋ ತಾಳ್ಮೆ ಇದ್ರೆ ಮಾತ್ರ ತಗೊಳ್ಳಿ, ಇಲ್ಲಾಂದ್ರೆ ಬಿಷಪ್ಪೇ ವಾಸಿ, ಪೆಟ್ಟಿಗೆ ಬಾಗಿಲು ಮುಚ್ಚಿ ಅಂಟಿಸಿಬಿಡ್ಬಹುದು.

ಎಳೆಯೋ ಗನ್ನಿಗೆ ಜೊತೆ ಬೇಕಾ?

ಬೇಕು. ಮಾರಿಸ್ ಕ್ವಾಡ್ ಟ್ರ್ಯಾಕ್ಟರು, ಅದರ ಹಿಂದೆ 32 ರೌಂಡ್ ಹಿಡಿಯೋ ನಂಬರ್ 27 ಟ್ರೇಲರು, ಅದರ ಹಿಂದೆ ಗನ್ನು, ಈ ಸಾಲೇ ಚೆಂದ. ಟಾಮಿಯಾದವರು 1970ರ ದಶಕದಲ್ಲೇ 1/35ರಲ್ಲಿ ಗನ್ನೂ ಕ್ವಾಡೂ ತಂದಿದ್ದಾರೆ, ಜೋಡ್ಸೋದು ಸುಲಭ, ಡೀಟೇಲ್ ಈಗಿನ ಕಿಟ್ಟುಗಳಷ್ಟು ಇರಲ್ಲ. ಜಾಗ ಇಲ್ಲ ಅನ್ನೋರಿಗೆ ಏರ್‌ಫಿಕ್ಸಿನ 1/76 ಸೆಟ್ಟು, ಅಂಗೈಲಿ ಹಿಡ್ಸುತ್ತೆ. ವಾರ್‌ಗೇಮ್ ಆಡೋರು ಚಿಕ್ಕ ಸ್ಕೇಲಲ್ಲಿ ನಾಲ್ಕು ಗನ್ ಮಾಡ್ಕೊಳ್ಳಿ, ಒಂದು ಟ್ರೂಪ್ ಅಂದ್ರೆ ನಾಲ್ಕು, ಎರಡು ಟ್ರೂಪ್ ಸೇರಿ ಬ್ಯಾಟರಿ.

ಎರಡು ಕೆಲಸ ಯಾವ ಕಿಟ್ ಆದ್ರೂ ಮಾಡ್ಬೇಕು. ಹಳೇ ಕಿಟ್ಟುಗಳ ಶೀಲ್ಡು ದಪ್ಪ ಇರುತ್ತೆ, ಅಂಚನ್ನಾದ್ರೂ ಹಿಂದುಗಡೆಯಿಂದ ಉಜ್ಜಿ ತೆಳ್ಳಗೆ ಮಾಡಿ. ನಳಿಗೆ ತುದಿ ಕೊರೀಬೇಕಾದ್ರೆ 1/35ರಲ್ಲಿ 2.5 ಮಿಲಿಮೀಟರ್ ಡ್ರಿಲ್ ಬಿಟ್ ಸಾಕು, ಮೊದಲು ಸೂಜಿಯಿಂದ ಮಧ್ಯ ಗುರುತು ಮಾಡ್ಕೊಂಡು ಚಿಕ್ಕ ಬಿಟ್‌ನಿಂದ ಶುರು ಮಾಡಿ, ಒಂದೇ ಸಲ ದೊಡ್ಡದು ಹಾಕಿದ್ರೆ ಪ್ಲಾಸ್ಟಿಕ್ ಸೀಳುತ್ತೆ.